ಕಡತದ ಅಂಚಿನ ಷರಾ: ನಾಜಿ ಜರ್ಮನಿ ತನ್ನ ಯಹೂದಿ ಪ್ರಜೆಗಳನ್ನು ಹೊರಹಾಕಿದ ಬಗೆ

2021ರ ಆಗಸ್ಟ್ 20ರಂದು ಜರ್ಮನಿಯ ಪೌರತ್ವ ಕಾಯ್ದೆಗೆ ಒಂದು ತಿದ್ದುಪಡಿ ಜಾರಿಗೆ ಬಂತು. ನಾಜಿ ಆಡಳಿತದ ಕಿರುಕುಳದಿಂದಾಗಿ ಪೌರತ್ವ ಕಳೆದುಕೊಂಡವರ, ಅಥವಾ ಅದನ್ನು ಬಿಟ್ಟುಕೊಡಬೇಕಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇದರ ಪ್ರಕಾರ ಅರ್ಜಿ ಹಾಕಿ ಜರ್ಮನ್ ಪ್ರಜೆಗಳಾಗಬಹುದು. ಅವರಿಗೆ ಭಾಷಾ ಪರೀಕ್ಷೆಯಿಲ್ಲ, ಶುಲ್ಕವಿಲ್ಲ, ಈಗಿರುವ ಪೌರತ್ವವನ್ನು ತ್ಯಜಿಸಬೇಕಾಗಿಯೂ ಇಲ್ಲ. ಇಸ್ರೇಲ್, ಅಮೆರಿಕ, ಅರ್ಜೆಂಟೀನಾಗಳಿಂದ, ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ನಿನಿಂದಲೂ ಇಂಥ ಅರ್ಜಿಗಳು ಹೋಗುತ್ತಿವೆ. ಅಜ್ಜ ಓಡಿಬಂದ ದೇಶದ ಪಾಸ್‌ಪೋರ್ಟನ್ನು ಮೊಮ್ಮಗಳು ಕೇಳಿ ಪಡೆಯುವುದು ಒಂದು ವಿಚಿತ್ರ ಸಂಗತಿ. ಅದಕ್ಕಿಂತ ವಿಚಿತ್ರವೆಂದರೆ, 1949ರಲ್ಲೇ ಜರ್ಮನ್ ಸಂವಿಧಾನದ 116ನೇ ವಿಧಿ ಕೊಟ್ಟಿದ್ದ ಭರವಸೆಯನ್ನು ಪೂರ್ತಿ ಮಾಡಲು 2021ರಲ್ಲಿ ಮತ್ತೊಂದು ಕಾಯ್ದೆ ಬೇಕಾಯಿತು ಎಂಬುದು. ತೆಗೆದುಕೊಂಡದ್ದನ್ನು ಹಿಂದಿರುಗಿಸಲು ಎಪ್ಪತ್ತು ವರ್ಷಕ್ಕೂ ಮಿಕ್ಕಿ ಏಕೆ ಹಿಡಿಯಿತು ಎಂಬ ಪ್ರಶ್ನೆಗೆ ಉತ್ತರ ತೆಗೆದುಕೊಂಡ ಬಗೆಯಲ್ಲೇ ಇದೆ.

ನಾಜಿಗಳ ಕಾಲವನ್ನು ನಾವು ಸಾಮಾನ್ಯವಾಗಿ ಅದರ ಕೊನೆಯಿಂದ ನೆನೆಯುತ್ತೇವೆ. ಆಶ್ವಿಟ್ಸ್, ಅನಿಲ ಕೋಣೆ, ಅರವತ್ತು ಲಕ್ಷ ಹೆಣಗಳು ನೆನಪಿಗೆ ಬರುತ್ತವೆ. ಅದಕ್ಕೆ ಮೊದಲಿನ ಎಂಟು ವರ್ಷಗಳು, ಅಂದರೆ 1933ರ ವಸಂತದಿಂದ 1941ರ ಶರತ್ಕಾಲದವರೆಗಿನ ಅವಧಿ, ಶಾಲಾ ಪುಸ್ತಕಗಳಲ್ಲಿ ಎರಡು ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಆ ಎಂಟು ವರ್ಷಗಳಲ್ಲಿ ನಡೆದದ್ದು ಬೀದಿಯ ಪುಂಡರ ಕೆಲಸವಷ್ಟೇ ಆಗಿರಲಿಲ್ಲ. ಸಚಿವಾಲಯ, ನಗರಸಭೆ, ತೆರಿಗೆ ಕಚೇರಿ, ನೋಂದಣಾಧಿಕಾರಿ, ವಿಶ್ವವಿದ್ಯಾಲಯದ ಕುಲಸಚಿವ, ಹೀಗೆ ಯಾವ ಸರ್ಕಾರದಲ್ಲೂ ಇರುವ ಸಾಮಾನ್ಯ ಕಚೇರಿಗಳು ತಮ್ಮ ಎಂದಿನ ಸಮಯಕ್ಕೆ ಬಾಗಿಲು ತೆರೆದು, ಎಂದಿನ ಮೊಹರನ್ನು ಒತ್ತಿ ಮಾಡಿದ ಕೆಲಸ ಅದು. ಅದನ್ನು ಹಿಂದೆ ತಿರುಗಿಸುವುದು ಕಷ್ಟವಾದದ್ದು ಅದು ಅಷ್ಟೊಂದು ಕಚೇರಿಗಳಲ್ಲಿ ಹಂಚಿಹೋಗಿದ್ದ ಕಾರಣಕ್ಕೇ ಎಂಬುದು ನನ್ನ ಎಣಿಕೆ.

1933ರಲ್ಲಿ ಜರ್ಮನಿಯಲ್ಲಿ ಸುಮಾರು ಐದು ಲಕ್ಷ ಯಹೂದಿಗಳಿದ್ದರು. ಆರೂವರೆ ಕೋಟಿ ಜನಸಂಖ್ಯೆಯಲ್ಲಿ ಇದು ನೂರಕ್ಕೆ ಒಂದರಷ್ಟೂ ಆಗಲಿಲ್ಲ. ಅವರಲ್ಲಿ ಮೂರನೇ ಒಂದು ಭಾಗ ಬರ್ಲಿನ್ ನಗರವೊಂದರಲ್ಲೇ ನೆಲೆಸಿತ್ತು. 1871ರಲ್ಲಿ ಜರ್ಮನಿ ಒಂದು ರಾಷ್ಟ್ರವಾದಾಗಿನಿಂದ ಅವರು ಕಾನೂನಿನ ಕಣ್ಣಲ್ಲಿ ಸಮಾನ ಪ್ರಜೆಗಳು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿದ್ದ ಯಹೂದಿಗಳು ಸುಮಾರು ಒಂದು ಲಕ್ಷ, ಸತ್ತವರು ಸುಮಾರು 12,000. ಈ ಯುದ್ಧದ ಲೆಕ್ಕ ಮುಂದೆ ಕಾನೂನಿನೊಳಗೇ ಬಂದು ಕೂರುತ್ತದೆ.

ಹಿಟ್ಲರ್ ಚಾನ್ಸೆಲರ್ ಆದದ್ದು 1933ರ ಜನವರಿ 30ರಂದು. ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಬಹಿಷ್ಕಾರ ನಡೆಯಿತು. ಅದು ಒಂದೇ ದಿನದ ಪ್ರದರ್ಶನ. ಆರು ದಿನದ ನಂತರ, ಏಪ್ರಿಲ್ 7ರಂದು ಬಂದದ್ದು ನಿಜವಾದ ಪೆಟ್ಟು: ಅದರ ಹೆಸರು ‘ವೃತ್ತಿಪರ ನಾಗರಿಕ ಸೇವೆಯ ಪುನಃಸ್ಥಾಪನಾ ಕಾಯ್ದೆ’. ಹೆಸರನ್ನು ಓದಿದವರಿಗೆ ಆಡಳಿತ ಸುಧಾರಣೆಯ ಯಾವುದೋ ಕ್ರಮವೆನಿಸಬೇಕು. ಅದರ ಮೂರನೇ ಕಲಂ ‘ಆರ್ಯ ಮೂಲದವರಲ್ಲದ’ ಸರ್ಕಾರಿ ನೌಕರರನ್ನು ನಿವೃತ್ತಿಗೊಳಿಸಬೇಕೆಂದು ಹೇಳುತ್ತಿತ್ತು. ನಾಲ್ಕು ದಿನಗಳ ನಂತರ ಬಂದ ನಿಯಮಾವಳಿಯ ಪ್ರಕಾರ ತಂದೆ ತಾಯಿಯರಲ್ಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಆ ನೌಕರ ಆರ್ಯನಲ್ಲ. ಜರ್ಮನಿಯಲ್ಲಿ ಶಾಲಾ ಶಿಕ್ಷಕರು, ಪ್ರಾಧ್ಯಾಪಕರು, ನ್ಯಾಯಾಧೀಶರು ಎಲ್ಲರೂ ಸರ್ಕಾರಿ ನೌಕರರೇ ಆದ್ದರಿಂದ ಈ ಒಂದು ಕಲಮಿನ ಹರವು ದೊಡ್ಡದಿತ್ತು. ವಕೀಲರ ಮೇಲೆ ಅದೇ ಏಪ್ರಿಲ್ 7ರಂದು ಇನ್ನೊಂದು ಕಾಯ್ದೆ ಬಂತು. ಏಪ್ರಿಲ್ 25ಕ್ಕೆ ಶಾಲೆ, ಕಾಲೇಜುಗಳ ‘ದಟ್ಟಣೆ’ ತಡೆಯುವ ನೆಪದಲ್ಲಿ ಹೊಸ ಪ್ರವೇಶಗಳಲ್ಲಿ ಯಹೂದಿಗಳ ಪಾಲು ನೂರಕ್ಕೆ ಒಂದೂವರೆಯನ್ನು ಮೀರಬಾರದೆಂದು ಗೊತ್ತುಪಡಿಸಲಾಯಿತು.

ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಹಳೆಯ ಸೇನಾಧಿಕಾರಿ. ಯುದ್ಧದಲ್ಲಿ ಹೋರಾಡಿದವರನ್ನು ಮನೆಗೆ ಕಳಿಸುವುದು ಸಲ್ಲದೆಂದು ಅವರು ಹಿಟ್ಲರನಿಗೆ ಪತ್ರ ಬರೆದರು. ಆ ಕಾರಣದಿಂದ ಕಾಯ್ದೆಯಲ್ಲಿ ವಿನಾಯಿತಿಗಳು ಸೇರಿದವು: ರಣರಂಗದಲ್ಲಿ ಹೋರಾಡಿದವರು, ತಂದೆಯನ್ನೋ ಮಗನನ್ನೋ ಯುದ್ಧದಲ್ಲಿ ಕಳೆದುಕೊಂಡವರು, 1914ರ ಆಗಸ್ಟ್ 1ಕ್ಕೂ ಮೊದಲಿನಿಂದ ಸೇವೆಯಲ್ಲಿದ್ದವರು ಉಳಿಯಬಹುದು. ಯಹೂದಿಗಳು ಯುದ್ಧಭೂಮಿಯಿಂದ ತಪ್ಪಿಸಿಕೊಂಡವರೆಂದು ವರ್ಷಗಟ್ಟಲೆ ಸಾರಿದ್ದ ಪಕ್ಷಕ್ಕೆ ಆಗ ಮುಜುಗರವಾಯಿತು. ಅರ್ಧಕ್ಕಿಂತ ಹೆಚ್ಚಿನ ಯಹೂದಿ ವಕೀಲರು ವಿನಾಯಿತಿಯ ದಾಖಲೆಗಳನ್ನು ಮುಂದಿಟ್ಟು ವೃತ್ತಿಯಲ್ಲಿ ಉಳಿದುಕೊಂಡರು. ವಿನಾಯಿತಿ ಎನ್ನುವುದು ಎರಡು ಅಲುಗಿನ ಕತ್ತಿ. ಅದು ಕೆಲವರ ಅನ್ನ ಉಳಿಸಿತು. ಜೊತೆಗೆ, ತಮಗೆ ಏನೂ ಆಗಲಾರದು, ಇದು ಕಾನೂನಿನ ರಾಜ್ಯ, ಕಾಗದ ಸರಿಯಿದ್ದರೆ ಸಾಕು ಎಂಬ ನಂಬಿಕೆಯನ್ನೂ ಅವರಲ್ಲಿ ಉಳಿಸಿತು. 1934ರ ಆಗಸ್ಟ್‌ನಲ್ಲಿ ಹಿಂಡೆನ್‌ಬರ್ಗ್ ತೀರಿಕೊಂಡರು. 1935ರ ಕೊನೆಯ ವೇಳೆಗೆ ಸರ್ಕಾರಿ ಸೇವೆಯಲ್ಲಿ ಆ ವಿನಾಯಿತಿಯೂ ಇಲ್ಲವಾಯಿತು.

ಈ ಕಾಯ್ದೆಯ ಒಂದೆರಡು ಎಳೆಗಳು ಬೆಂಗಳೂರಿನವರೆಗೂ ಬಂದವು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಕ್ವಾಂಟಮ್ ಭೌತವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ ಅವರ ಅಮಾನತು 1933ರ ಏಪ್ರಿಲ್ ಕೊನೆಯಲ್ಲಿ ಆಯಿತು. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಅವರು ಕೆಲವು ತಿಂಗಳು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲೇ ಕಾಯಂ ಉಳಿಸಿಕೊಳ್ಳಲು ರಾಮನ್ ಮಾಡಿದ ಯತ್ನ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಅವರ ಸೋದರಳಿಯ ಓಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ಯುವ ವಾಸ್ತುಶಿಲ್ಪಿ. ಅವರೂ 1933ರಲ್ಲೇ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲಕಾಲ ಇದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳು ಇವತ್ತಿಗೂ ನಿಂತಿವೆ. ಒಂದು ಸರ್ಕಾರ ಅಜ್ಜಿಯ ಜಾತಕ ನೋಡಿ ಬೇಡವೆಂದ ನೌಕರನನ್ನು ಇನ್ನೊಂದು ಸರ್ಕಾರ ಅವನ ನಕ್ಷೆ ನೋಡಿ ಬೇಕೆಂದಿತು.

ಆದರೆ ಯಹೂದಿ ಎಂದರೆ ಯಾರು? ಭೇದ ಮಾಡುವ ಸರ್ಕಾರಕ್ಕೆ ಮೊದಲು ಬೇಕಾದದ್ದು ಒಂದು ವ್ಯಾಖ್ಯೆ, ಮತ್ತು ನಾಜಿಗಳಿಗೆ ಅದು ಕೊನೆಯವರೆಗೂ ನೆಟ್ಟಗೆ ಸಿಗಲಿಲ್ಲ. 1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್‌ನ ಪಕ್ಷದ ಸಮಾವೇಶದ ನಡುವೆ ಸಂಸತ್ತನ್ನು ಅಲ್ಲಿಗೇ ಕರೆಸಿ ಎರಡು ಕಾಯ್ದೆಗಳನ್ನು ಅಂಗೀಕರಿಸಲಾಯಿತು. ಒಂದು, ‘ಜರ್ಮನ್ ಅಥವಾ ಸಜಾತಿ ರಕ್ತ’ದವರಿಗೆ ಮಾತ್ರ ಪೂರ್ಣ ರಾಜಕೀಯ ಹಕ್ಕುಗಳುಳ್ಳ ‘ರೈಖ್ ಪೌರ’ ಎಂಬ ಪದವಿ. ಉಳಿದವರು ಬರೀ ‘ರಾಜ್ಯದ ಪ್ರಜೆಗಳು’. ಇನ್ನೊಂದು, ಯಹೂದಿಗಳಿಗೂ ಜರ್ಮನ್ನರಿಗೂ ಮದುವೆ ಮತ್ತು ಲೈಂಗಿಕ ಸಂಬಂಧ ನಿಷೇಧ. 45 ವರ್ಷದೊಳಗಿನ ಜರ್ಮನ್ ಹೆಂಗಸರು ಯಹೂದಿ ಮನೆಗಳಲ್ಲಿ ಕೆಲಸಕ್ಕಿರಬಾರದು ಎಂಬ ಷರತ್ತೂ ಇದರಲ್ಲಿತ್ತು. ಈ ಕಾಯ್ದೆಗಳಿಗೆ ಹಿನ್ನೆಲೆಯಾದ ಚರ್ಚೆಗಳಲ್ಲಿ ಅಮೆರಿಕದ ಉದಾಹರಣೆಯೂ ಬಂದಿತ್ತು. 1934ರ ಜೂನ್ 5ರಂದು ನ್ಯಾಯ ಸಚಿವ ಗುರ್ಟ್ನರ್ ಅಧ್ಯಕ್ಷತೆಯಲ್ಲಿ ನಡೆದ ಸಭೆಯಲ್ಲಿ ಅಮೆರಿಕದ ಹಲವು ರಾಜ್ಯಗಳು ಕರಿಯರ ಮತ್ತು ಬಿಳಿಯರ ನಡುವಿನ ಮದುವೆಯನ್ನು ಹೇಗೆ ನಿಷೇಧಿಸಿವೆ ಎಂಬುದರ ಮೇಲೆ ವಿವರವಾದ ಚರ್ಚೆ ನಡೆಯಿತು.

ಕಾಯ್ದೆಗಳು ಸೆಪ್ಟೆಂಬರಿನಲ್ಲಿ ಬಂದವು, ಅವುಗಳಲ್ಲಿ ಯಹೂದಿ ಯಾರೆಂಬ ವ್ಯಾಖ್ಯೆಯೇ ಇರಲಿಲ್ಲ. ಎರಡು ತಿಂಗಳ ಎಳೆದಾಟದ ನಂತರ, ನವೆಂಬರ್ 14ರ ನಿಯಮಾವಳಿಯಲ್ಲಿ ಅದು ಮೂಡಿತು. ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರಾದರೂ ಯಹೂದಿಗಳಾಗಿದ್ದರೆ ವ್ಯಕ್ತಿ ಯಹೂದಿ. ಇಬ್ಬರಿದ್ದರೆ, ಆತ ಯಹೂದಿ ಧಾರ್ಮಿಕ ಸಮುದಾಯದ ಸದಸ್ಯನಾಗಿದ್ದರೆ ಅಥವಾ ಯಹೂದಿಯನ್ನು ಮದುವೆಯಾಗಿದ್ದರೆ ಯಹೂದಿ, ಇಲ್ಲವಾದರೆ ‘ಮೊದಲ ದರ್ಜೆಯ ಮಿಶ್ರ’. ಒಬ್ಬರೇ ಇದ್ದರೆ ‘ಎರಡನೇ ದರ್ಜೆಯ ಮಿಶ್ರ’. ಹಾಗಾದರೆ ಆ ಅಜ್ಜಿ ಯಹೂದಿ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಆಕೆ ಯಹೂದಿ ಧಾರ್ಮಿಕ ಸಮುದಾಯಕ್ಕೆ ಸೇರಿದ್ದರೆ ಆಕೆ ಯಹೂದಿ! ರಕ್ತ, ಜನಾಂಗ, ವಂಶವಾಹಿ ಎಂದೆಲ್ಲ ವಿಜ್ಞಾನದ ಮಾತಾಡಿದ ಸರ್ಕಾರ ಕೊನೆಗೆ ಪ್ರಾರ್ಥನಾ ಮಂದಿರದ ಸದಸ್ಯತ್ವದ ಪುಸ್ತಕದ ಮೊರೆ ಹೋಯಿತು. ರಕ್ತದಲ್ಲಿ ಇಲ್ಲದ್ದನ್ನು ಕಾಗದದಲ್ಲಿ ಹುಡುಕಿತು. ಈ ಸುತ್ತುಬಳಸು ತರ್ಕ ಸಚಿವಾಲಯದ ಮಂದಿಗೆ ಗೊತ್ತಿರಲಿಲ್ಲವೆಂದೇನೂ ಅಲ್ಲ; ಅವರು ಒಳ್ಳೆಯ ಕಾನೂನು ಪದವೀಧರರು. ಅವರಲ್ಲಿ ಇಬ್ಬರು, ವಿಲ್ಹೆಲ್ಮ್ ಸ್ಟುಕಾರ್ಟ್ ಮತ್ತು ಹಾನ್ಸ್ ಗ್ಲೋಬ್ಕೆ, 1936ರಲ್ಲಿ ಈ ಕಾಯ್ದೆಗಳಿಗೆ ಅಧಿಕೃತ ಭಾಷ್ಯವನ್ನೇ ಬರೆದರು.

ವ್ಯಾಖ್ಯೆ ಕಾಗದದ್ದಾದ ಮೇಲೆ ಇಡೀ ದೇಶ ಕಾಗದ ಹುಡುಕತೊಡಗಿತು. ಭೇದಕ್ಕೆ ಗುರಿಯಾದವರು ಐದು ಲಕ್ಷ. ಭೇದದ ಯಂತ್ರ ತಿರುಗಿಸಿದವರು ಕೋಟಿಗಟ್ಟಲೆ. ಶಿಕ್ಷಕನಾಗಲಿ, ಅಂಚೆ ಗುಮಾಸ್ತನಾಗಲಿ, ತಾನು ಆರ್ಯನೆಂದು ರುಜುವಾತು ಮಾಡಬೇಕಿತ್ತು. ಸಾಮಾನ್ಯ ರುಜುವಾತಿಗೆ ತನ್ನದು, ತಂದೆ ತಾಯಿಯರದು, ನಾಲ್ವರು ಅಜ್ಜ ಅಜ್ಜಿಯರದು ಎಂದು ಏಳು ಜನನ ಅಥವಾ ದೀಕ್ಷಾಸ್ನಾನದ ಪ್ರಮಾಣಪತ್ರಗಳು, ಮೂರು ವಿವಾಹ ಪತ್ರಗಳು ಬೇಕು. ಇವೆಲ್ಲ ಇದ್ದದ್ದು ಊರೂರಿನ ಚರ್ಚುಗಳ ಹಳೆಯ ದಫ್ತರಗಳಲ್ಲಿ. ಪಾದ್ರಿಗಳು ಧೂಳು ಕೊಡವಿ ನಕಲು ಮಾಡಿಕೊಟ್ಟರು. ವಂಶಾವಳಿ ತೆಗೆದುಕೊಡುವವರಿಗೆ ಕೈತುಂಬ ಕೆಲಸ ಸಿಕ್ಕಿತು. ತನ್ನ ಮುತ್ತಜ್ಜಿಯ ಹೆಸರನ್ನೇ ಕೇಳಿರದ ರೈತನ ಮಗ ಅಂಚೆ ಕಚೇರಿಯ ಕೆಲಸಕ್ಕಾಗಿ ಮೂರು ಊರುಗಳ ಪಾದ್ರಿಗಳಿಗೆ ಕಾಗದ ಬರೆದ. ಆ ಪತ್ರವನ್ನು ಬರೆದು ಮುಗಿಸುವ ಹೊತ್ತಿಗೆ, ಯಹೂದಿ ಎನ್ನುವುದು ಒಂದು ಸರ್ಕಾರಿ ವರ್ಗ ಎಂಬ ಮಾತನ್ನು ಅವನು ಯಾರ ಭಾಷಣವೂ ಇಲ್ಲದೆ ಒಪ್ಪಿಕೊಂಡಾಗಿತ್ತು.

ಬರ್ಲಿನ್ನಿನ ಶೋನೆಬರ್ಗ್ ಪ್ರದೇಶದ ಬವೇರಿಯನ್ ಕ್ವಾರ್ಟರ್ ಎಂಬ ಬಡಾವಣೆಯಲ್ಲಿ 1993ರಿಂದ ಒಂದು ಸ್ಮಾರಕವಿದೆ. ಅದಕ್ಕೆ ಗೋಪುರವಿಲ್ಲ, ಪ್ರತಿಮೆಯಿಲ್ಲ. ದೀಪದ ಕಂಬಗಳಿಗೆ ತಗುಲಿಸಿದ 80 ಫಲಕಗಳಿವೆ, ಅಷ್ಟೇ. ಒಂದು ಬದಿಯಲ್ಲಿ ಮಕ್ಕಳ ಪುಸ್ತಕದಲ್ಲಿರುವಂಥ ಸರಳ ಚಿತ್ರ, ಇನ್ನೊಂದು ಬದಿಯಲ್ಲಿ ಒಂದು ನಿಯಮ. ಬ್ರೆಡ್ಡಿನ ಚಿತ್ರದ ಹಿಂದೆ, ಬರ್ಲಿನ್ನಿನ ಯಹೂದಿಗಳು ಸಂಜೆ ನಾಲ್ಕರಿಂದ ಐದರ ನಡುವೆ ಮಾತ್ರ ಆಹಾರ ಪದಾರ್ಥ ಕೊಳ್ಳಬಹುದೆಂಬ 1940ರ ಜುಲೈ ತಿಂಗಳ ಆದೇಶವಿದೆ. ಬೆಕ್ಕಿನ ಚಿತ್ರದ ಹಿಂದೆ ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂಬ ಆದೇಶ. ಫಲಕಗಳನ್ನು ಹಾಕುತ್ತಿದ್ದಾಗ ಕೆಲವು ನಿವಾಸಿಗಳು ಇದು ಯಾರೋ ಯಹೂದಿದ್ವೇಷಿಗಳ ಕೆಲಸವೆಂದು ಪೊಲೀಸರಿಗೆ ದೂರು ಕೊಟ್ಟರು, ಪೊಲೀಸರು ಬಂದು ಕೆಲವನ್ನು ಇಳಿಸಿಯೂ ಬಿಟ್ಟರು. ಕೊನೆಗೆ ಇದು ಸ್ಮಾರಕವೆಂದು ಹೇಳುವ ಪುಟ್ಟ ತಗಡನ್ನು ಪ್ರತಿ ಫಲಕದ ಕೆಳಗೆ ಅಂಟಿಸಬೇಕಾಯಿತು. ಐವತ್ತು ವರ್ಷದ ಹಿಂದೆ ಅದೇ ಮಾತುಗಳು ಸರ್ಕಾರದ ಸಹಿಯೊಂದಿಗೆ ಬಂದಾಗ ಆ ಬೀದಿಯಲ್ಲಿ ದೂರು ಕೊಡುವವರು ಸಿಕ್ಕಿರಲಿಲ್ಲ.

ಆ ಫಲಕಗಳನ್ನು ಒಂದೊಂದಾಗಿ ಓದಿದರೆ ಈ ವ್ಯವಸ್ಥೆಯ ಒಂದು ಗುಣ ಕಣ್ಣಿಗೆ ಹೊಡೆಯುತ್ತದೆ. ಇವೆಲ್ಲ ಮೇಲಿನಿಂದ ಒಂದೇ ಯೋಜನೆಯಾಗಿ ಇಳಿದುಬಂದದ್ದಲ್ಲ. ಹಿಟ್ಲರನ ಅವಧಿಯಲ್ಲಿ ಯಹೂದಿಗಳ ವಿರುದ್ಧ ಹೊರಟ ಕಾಯ್ದೆ, ಆದೇಶ, ಸುತ್ತೋಲೆಗಳನ್ನು ಸಂಶೋಧಕರು ಸುಮಾರು ಎರಡು ಸಾವಿರದವರೆಗೆ ಎಣಿಸಿದ್ದಾರೆ. ಈಜುಕೊಳ, ಆಟದ ಮೈದಾನ, ಸಂತೆ, ಉದ್ಯಾನದ ಬೆಂಚು ಇವುಗಳ ವಿಷಯದಲ್ಲಿ ಬರ್ಲಿನ್ನಿನ ಆದೇಶಕ್ಕೆ ಕಾಯದೆ ನಗರಸಭೆಗಳು ತಾವೇ ಮುಂದಾದವು. ಒಂದು ಊರು ಮಾಡಿದ್ದನ್ನು ನೋಡಿ ಪಕ್ಕದ ಊರು ಮಾಡಿತು, ಕೆಲವು ವರ್ಷ ಕಳೆದ ಮೇಲೆ ಸಚಿವಾಲಯ ಅದನ್ನೇ ದೇಶಕ್ಕೆಲ್ಲ ಅನ್ವಯಿಸಿತು. ಪ್ರತಿ ಅಧಿಕಾರಿಗೂ ತನ್ನದೇ ಆದ ಸಣ್ಣ, ಸಹಜವೆನಿಸುವ ಕಾರಣವಿತ್ತು: ಈಜುಕೊಳದ ಮೇಲ್ವಿಚಾರಕನಿಗೆ ಶಾಂತಿ ಸುವ್ಯವಸ್ಥೆ, ವೈದ್ಯರ ಸಂಘಕ್ಕೆ ಪೈಪೋಟಿ ಕಡಿಮೆಯಾಗುವ ಅನುಕೂಲ, ತೆರಿಗೆ ಅಧಿಕಾರಿಗೆ ವಸೂಲಿಯ ಗುರಿ. ಇಡೀ ಚಿತ್ರವನ್ನು ನೋಡುವ ಹೊಣೆ ಯಾರ ಮೇಜಿನ ಮೇಲೂ ಇರಲಿಲ್ಲ.

ಬೇಕೆಂದಾಗ ಈ ಯಂತ್ರವನ್ನು ನಿಧಾನಿಸಲೂ ಬರುತ್ತಿತ್ತು. 1936ರ ಒಲಿಂಪಿಕ್ಸ್‌ಗೆ ವಿದೇಶೀಯರು ಬರುವಾಗ ಬರ್ಲಿನ್ನಿನ ಬೀದಿಗಳಿಂದ ಯಹೂದಿ ವಿರೋಧಿ ಫಲಕಗಳು ತಾತ್ಕಾಲಿಕವಾಗಿ ಮಾಯವಾದವು. ಎತ್ತರ ಜಿಗಿತದಲ್ಲಿ 1.60 ಮೀಟರ್ ದಾಟಿ ಜರ್ಮನ್ ದಾಖಲೆಯನ್ನು ಸರಿಗಟ್ಟಿದ್ದ ಗ್ರೆಟೆಲ್ ಬರ್ಗ್‌ಮನ್ ಅವರನ್ನು ಮಾತ್ರ, ಅಮೆರಿಕದ ತಂಡ ಹಡಗು ಹತ್ತಿದ ಮೇಲೆ, ತಂಡದಿಂದ ಕೈಬಿಡಲಾಯಿತು.

ಹಣದ ಅಧ್ಯಾಯಕ್ಕೆ ಬಂದರೆ, ಇಲ್ಲಿ ಹಳೆಯ ಕಾನೂನೊಂದು ಹೊಸ ಕೆಲಸಕ್ಕೆ ಬಿದ್ದ ಕತೆಯಿದೆ. ದೇಶ ಬಿಟ್ಟು ಹೋಗುವ ಶ್ರೀಮಂತರ ಮೇಲಿನ ‘ಪಲಾಯನ ತೆರಿಗೆ’ ನಾಜಿಗಳ ಸೃಷ್ಟಿಯಲ್ಲ. ಆರ್ಥಿಕ ಕುಸಿತದ ನಡುವೆ ಬಂಡವಾಳ ಹೊರಗೆ ಹರಿಯದಿರಲೆಂದು 1931ರ ಡಿಸೆಂಬರಿನಲ್ಲಿ ಬ್ರೂನಿಂಗ್ ಸರ್ಕಾರ ತಂದದ್ದು. ಎರಡು ಲಕ್ಷ ಮಾರ್ಕ್‌ಗಿಂತ ಹೆಚ್ಚು ಆಸ್ತಿಯಿದ್ದವರು ಅದರ ನಾಲ್ಕನೇ ಒಂದು ಭಾಗ ಕಟ್ಟಬೇಕಿತ್ತು. ನಾಜಿ ಸರ್ಕಾರ 1934ರಲ್ಲಿ ಆ ಮಿತಿಯನ್ನು 50,000ಕ್ಕೆ ಇಳಿಸಿತು. ಬೇರೇನೂ ಮಾಡಬೇಕಾಗಲಿಲ್ಲ. ಯಹೂದಿಗಳನ್ನು ಓಡಿಹೋಗುವಂತೆ ಮಾಡುವುದು ಒಂದು ಇಲಾಖೆಯ ಕೆಲಸ, ಓಡಿಹೋದದ್ದಕ್ಕೆ ತೆರಿಗೆ ಹಾಕುವುದು ಇನ್ನೊಂದು ಇಲಾಖೆಯ ಕೆಲಸ. ತೆರಿಗೆ ಕಟ್ಟಿ ಉಳಿದ ಹಣವೂ ಹೊರಗೆ ಹೋಗುತ್ತಿರಲಿಲ್ಲ. ಅದು ತಡೆಹಿಡಿದ ಖಾತೆಯಲ್ಲಿ ಕೂತು, ವಿದೇಶಿ ನಾಣ್ಯಕ್ಕೆ ಬದಲಾಯಿಸುವಾಗ ಕಡಿತಕ್ಕೆ ಒಳಗಾಗುತ್ತಿತ್ತು. 1939ರ ವೇಳೆಗೆ ಆ ಕಡಿತ ನೂರಕ್ಕೆ 96ರಷ್ಟಾಯಿತು. ಅಂಗಡಿ, ಮನೆ ಮಾರಿ ಹೊರಟವನ ಕೈಯಲ್ಲಿ ಹಡಗಿನ ಟಿಕೆಟ್ ಬಿಟ್ಟರೆ ಹೆಚ್ಚೇನೂ ಉಳಿಯುತ್ತಿರಲಿಲ್ಲ, ಮತ್ತು ಬರಿಗೈಯವರನ್ನು ಒಳಬಿಟ್ಟುಕೊಳ್ಳುವ ದೇಶಗಳೂ ಕಡಿಮೆಯಿದ್ದವು. 1938ರ ಜುಲೈನಲ್ಲಿ 32 ದೇಶಗಳು ಫ್ರಾನ್ಸಿನ ಎವಿಯಾನ್‌ನಲ್ಲಿ ಸೇರಿ ಸಹಾನುಭೂತಿ ಸೂಚಿಸಿದವು, ಹೆಚ್ಚುಪಾಲು ದೇಶಗಳು ಬಾಗಿಲನ್ನು ಇದ್ದಷ್ಟೇ ತೆರೆದಿಟ್ಟವು.

1938ರ ಏಪ್ರಿಲ್ 26ರಂದು, 5,000 ಮಾರ್ಕ್‌ಗೂ ಮೀರಿದ ಆಸ್ತಿಯುಳ್ಳ ಪ್ರತಿ ಯಹೂದಿಯೂ ಅದನ್ನು ನಮೂನೆಯಲ್ಲಿ ಘೋಷಿಸಬೇಕೆಂಬ ಆದೇಶ ಬಂತು. ಏನಿದೆ, ಎಲ್ಲಿದೆ, ಎಷ್ಟು ಬೆಲೆಯದು ಎಂಬ ಪಟ್ಟಿ ಹೀಗೆ ಸರ್ಕಾರದ ಕೈ ಸೇರಿತು. ಆ ಪಟ್ಟಿ ಏಕೆ ಬೇಕಾಗಿತ್ತೆಂಬುದು ಆರು ತಿಂಗಳಲ್ಲಿ ತಿಳಿಯಿತು. ನವೆಂಬರ್ 9ರ ರಾತ್ರಿ ನಾಜಿಗಳು ದೇಶದಾದ್ಯಂತ ನಡೆಸಿದ ದಾಳಿಯಲ್ಲಿ ಯಹೂದಿಗಳ ಸಾವಿರಕ್ಕೂ ಹೆಚ್ಚು ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಸುಮಾರು 7,500 ಅಂಗಡಿಗಳು ಧ್ವಂಸವಾದವು, ಮುಂದಿನ ದಿನಗಳಲ್ಲಿ ಮೂವತ್ತು ಸಾವಿರದಷ್ಟು ಗಂಡಸರನ್ನು ದಾಖೌ, ಬುಖೆನ್‌ವಾಲ್ಡ್, ಸಾಕ್ಸೆನ್‌ಹೌಸೆನ್ ಶಿಬಿರಗಳಿಗೆ ತಳ್ಳಲಾಯಿತು. ನವೆಂಬರ್ 12ರಂದು ಹಿಟ್ಲರನ ಬಲಗೈಯಂತಿದ್ದ ಸಚಿವ ಗೋರಿಂಗ್ ಕರೆದ ಸಭೆಯ ಶೀಘ್ರಲಿಪಿ ದಾಖಲೆಯ ಬಹುಭಾಗ ಉಳಿದುಬಂದಿದೆ. ಅದನ್ನು ಓದುವಾಗ ಮೈ ಜುಮ್ಮೆನ್ನುವುದು ಅದರ ಕ್ರೌರ್ಯಕ್ಕಿಂತ ಅದರ ವ್ಯವಹಾರಕ್ಕೆ. ವಿಮಾ ಕಂಪನಿಗಳ ಪ್ರತಿನಿಧಿಯನ್ನು ಒಳಗೆ ಕರೆಸಿ ಕೇಳಲಾಗುತ್ತದೆ. ಒಡೆದ ಗಾಜನ್ನು ಬೆಲ್ಜಿಯಂನಿಂದ ತರಿಸಬೇಕು, ಅದಕ್ಕೆ ವಿದೇಶಿ ವಿನಿಮಯ ಖರ್ಚಾಗುತ್ತದೆ ಎಂದು ಆತ ವಿವರಿಸುತ್ತಾನೆ. ಇಷ್ಟು ಬೆಲೆಬಾಳುವ ವಸ್ತು ಹಾಳು ಮಾಡುವ ಬದಲು ಇನ್ನೂರು ಯಹೂದಿಗಳನ್ನು ಕೊಂದಿದ್ದರೆ ಚೆನ್ನಾಗಿತ್ತು ಎಂದು ಗೋರಿಂಗ್ ರೇಗುತ್ತಾನೆ. ರೈಲಿನಲ್ಲಿ ಯಹೂದಿಗಳಿಗೆ ಬೇರೆ ಬೋಗಿ ಇಡಬೇಕೇ ಬೇಡವೇ ಎಂದು ಅವನೂ ಪ್ರಚಾರ ಸಚಿವ ಗೋಬೆಲ್ಸ್‌ನೂ ಜಗ್ಗಾಡುತ್ತಾರೆ. ಸಭೆಯ ಕೊನೆಗೆ ತೀರ್ಮಾನವಾದದ್ದಿಷ್ಟು: ಏಟು ತಿಂದವರೇ ನೂರು ಕೋಟಿ ಮಾರ್ಕ್ ದಂಡ ತೆರಬೇಕು, ಅಂಗಡಿಗಳನ್ನು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಬೇಕು, ಅವರಿಗೆ ಸಲ್ಲಬೇಕಾದ ವಿಮಾ ಹಣ ಸರ್ಕಾರಕ್ಕೆ ಸೇರಬೇಕು, ಹೊಸ ವರ್ಷದಿಂದ ಅಂಗಡಿ ಕಸುಬು ನಡೆಸಬಾರದು. ದಂಡವನ್ನು ಘೋಷಿತ ಆಸ್ತಿಯ ನೂರಕ್ಕೆ 20ರಂತೆ, ಆಮೇಲೆ ಐದನೇ ಕಂತೊಂದನ್ನು ಸೇರಿಸಿ 25ರಂತೆ ವಸೂಲು ಮಾಡಲಾಯಿತು. ಏಪ್ರಿಲ್‌ನಲ್ಲಿ ಅವರೇ ತುಂಬಿಕೊಟ್ಟ ನಮೂನೆಗಳು ಲೆಕ್ಕಕ್ಕೆ ಸಿದ್ಧವಾಗಿದ್ದವು.

ಅದೇ ವರ್ಷ ಹೆಸರಿಗೂ ಕೈ ಹಾಕಲಾಯಿತು. ಆಗಸ್ಟ್ 17ರ ಆದೇಶದ ಪ್ರಕಾರ, ಸರ್ಕಾರದ ಪಟ್ಟಿಯಲ್ಲಿರುವ ‘ಯಹೂದಿ ಹೆಸರು’ ಇಲ್ಲದವರು 1939ರ ಜನವರಿ 1ರಿಂದ ತಮ್ಮ ಹೆಸರಿಗೆ, ಗಂಡಸರಾದರೆ ‘ಇಸ್ರೇಲ್’, ಹೆಂಗಸರಾದರೆ ‘ಸಾರಾ’ ಎಂದು ಸೇರಿಸಿಕೊಳ್ಳಬೇಕು. ಇದನ್ನು ರೂಪಿಸುವಲ್ಲೂ ಗ್ಲೋಬ್ಕೆಯ ಕೈಯಿತ್ತು. ಬ್ಯಾಂಕಿನ ಚೆಕ್ಕಿನಲ್ಲಿ, ಬಾಡಿಗೆ ಕರಾರಿನಲ್ಲಿ, ಕಾಗದದ ಕೊನೆಯಲ್ಲಿ ಸಹಿ ಮಾಡುವಾಗಲೆಲ್ಲ ಅದನ್ನು ಬರೆಯಬೇಕು, ಬಿಟ್ಟರೆ ಶಿಕ್ಷೆ. ಜನನ ನೋಂದಣಿ ಪುಸ್ತಕದಲ್ಲಿ ಅವರವರ ನಮೂದಿನ ಅಂಚಿಗೆ ನೋಂದಣಾಧಿಕಾರಿ ಈ ಹೊಸ ಹೆಸರನ್ನು ಷರಾ ಬರೆದ. ಅಕ್ಟೋಬರ್ 5ರಂದು ಯಹೂದಿಗಳ ಎಲ್ಲ ಪಾಸ್‌ಪೋರ್ಟುಗಳನ್ನೂ ಅಸಿಂಧುಗೊಳಿಸಿ, ಕೆಂಪು ‘ಜೆ’ ಅಕ್ಷರ ಒತ್ತಿಸಿಕೊಂಡವು ಮಾತ್ರ ಸಿಂಧು ಎನ್ನಲಾಯಿತು. ಈ ಮೊಹರಿನ ಹಿಂದೆ ಸ್ವಿಟ್ಜರ್ಲೆಂಡಿನ ಜೊತೆಗಿನ ಮಾತುಕತೆಯಿತ್ತು. ಗಡಿಯಲ್ಲಿ ಯಹೂದಿ ನಿರಾಶ್ರಿತರನ್ನು ಗುರುತಿಸಿ ತಡೆಯುವ ಸಾಧನ ಆ ದೇಶಕ್ಕೆ ಬೇಕಿತ್ತು. ಸ್ವಿಸ್ ಸರ್ಕಾರ ಇದಕ್ಕಾಗಿ ಕ್ಷಮೆ ಕೋರಿದ್ದು 1995ರಲ್ಲಿ.

ಇಷ್ಟೆಲ್ಲ ನಿಯಮಗಳು ಒಬ್ಬನ ಬದುಕಿನ ಮೇಲೆ ಒಂದರ ಮೇಲೊಂದು ಬಿದ್ದಾಗ ಹೇಗಿರುತ್ತದೆ ಎಂಬುದಕ್ಕೆ ಡ್ರೆಸ್ಡೆನ್ ನಗರದ ವಿಕ್ಟರ್ ಕ್ಲೆಂಪರರ್ ಬಚ್ಚಿಟ್ಟು ಬರೆದ ದಿನಚರಿ ಸಾಕ್ಷಿ. ಫ್ರೆಂಚ್ ಸಾಹಿತ್ಯದ ಪ್ರಾಧ್ಯಾಪಕ, ಪ್ರಾಟೆಸ್ಟಂಟ್ ಪಂಥಕ್ಕೆ ಮತಾಂತರಗೊಂಡವರು, ಯುದ್ಧದಲ್ಲಿ ಹೋರಾಡಿದವರು, ಹೆಂಡತಿ ಎವಾ ಯಹೂದಿಯಲ್ಲ. 1933ರಲ್ಲಿ ಯೋಧನೆಂಬ ವಿನಾಯಿತಿಯಿಂದ ಉಳಿದ ಕೆಲಸ 1935ರಲ್ಲಿ ಹೋಯಿತು. 1938ರ ಕೊನೆಗೆ ಗ್ರಂಥಾಲಯದ ಬಾಗಿಲು ಮುಚ್ಚಿತು, ಕಾರು ಓಡಿಸುವ ಪರವಾನಗಿ ರದ್ದಾಯಿತು. 1940ರಲ್ಲಿ ಆಸೆಪಟ್ಟು ಕಟ್ಟಿಸಿಕೊಂಡ ಮನೆ ಬಿಟ್ಟು ‘ಯಹೂದಿ ಮನೆ’ ಎಂದು ಹಣೆಪಟ್ಟಿ ಹಚ್ಚಿದ ಕಟ್ಟಡದ ಕೋಣೆ ಸೇರಿದರು. ಬೆರಳಚ್ಚು ಯಂತ್ರ ಹೋಯಿತು. 1941ರ ಸೆಪ್ಟೆಂಬರ್ 19ರಿಂದ ಎದೆಯ ಮೇಲೆ ಹಳದಿ ನಕ್ಷತ್ರ ಬಂತು. ಆರು ವರ್ಷ ತುಂಬಿದ ಮಕ್ಕಳಿಂದ ಹಿಡಿದು ಎಲ್ಲರಿಗೂ ಅದು ಕಡ್ಡಾಯ. 1942ರ ಮೇ ತಿಂಗಳಲ್ಲಿ ಯಹೂದಿ ಮನೆಗಳ ಸಾಕುಪ್ರಾಣಿಗಳನ್ನು ಒಪ್ಪಿಸಬೇಕೆಂಬ ಆದೇಶ ಬಂದಾಗ, ಮುಶೆಲ್ ಎಂಬ ತಮ್ಮ ಬೆಕ್ಕನ್ನು ಅಧಿಕಾರಿಗಳ ಕೈಗೆ ಕೊಡಲು ಮನಸ್ಸಾಗದೆ ಎವಾ ಅದನ್ನು ಪಶುವೈದ್ಯರ ಬಳಿಗೆ ಒಯ್ದು ಸಾಯಿಸಿಕೊಂಡು ಬಂದರು. ಜೂನ್ 2ರ ದಿನಚರಿಯಲ್ಲಿ ಕ್ಲೆಂಪರರ್ ತಮ್ಮ ಮೇಲಿರುವ ನಿಷೇಧಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾರೆ; ಸಂಖ್ಯೆ 31ಕ್ಕೆ ಮುಟ್ಟುತ್ತದೆ. ಹೂವು ಕೊಳ್ಳಬಾರದೆಂಬುದೂ ಅದರಲ್ಲೊಂದು.

ಇನ್ನು ಪೌರತ್ವದ ಮಾತು. 1933ರ ಜುಲೈ 14ರ ಕಾಯ್ದೆ ಸರ್ಕಾರಕ್ಕೆ ಎರಡು ಅಧಿಕಾರ ಕೊಟ್ಟಿತ್ತು: 1918ರ ನವೆಂಬರ್ 9ರ ನಂತರ ಪೌರತ್ವ ಪಡೆದ ಪೂರ್ವ ಯುರೋಪಿನ ವಲಸಿಗರಿಂದ, ಮುಖ್ಯವಾಗಿ ಯಹೂದಿಗಳಿಂದ, ಅದನ್ನು ಹಿಂದಕ್ಕೆ ಪಡೆಯುವುದು, ವಿದೇಶಕ್ಕೆ ಹೋಗಿ ‘ನಿಷ್ಠೆ ಮುರಿದವರ’ ಪೌರತ್ವ ಕಿತ್ತುಕೊಳ್ಳುವುದು. ಎರಡನೆಯವರ ಹೆಸರುಗಳನ್ನು ಸರ್ಕಾರಿ ಗೆಜೆಟ್ಟಿನಲ್ಲಿ ಪಟ್ಟಿಯಾಗಿ ಅಚ್ಚು ಹಾಕುತ್ತಿದ್ದರು. ಮೊದಲ ಪಟ್ಟಿಯಲ್ಲಿ 33 ಹೆಸರು. 1934ರ ಮಾರ್ಚ್‌ನ ಎರಡನೇ ಪಟ್ಟಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಇದ್ದರು. ಕೊನೆಗೆ ಪಟ್ಟಿಗಳು 359 ಆದವು, ಹೆಸರುಗಳು 39,006. ಒಬ್ಬೊಬ್ಬರ ಹೆಸರನ್ನು ಹುಡುಕಿ, ಬರೆದು, ಅಚ್ಚು ಹಾಕುವುದು ನಿಧಾನದ ಕೆಲಸ. 1941ರ ನವೆಂಬರ್ 25ರ ‘ಹನ್ನೊಂದನೇ ನಿಯಮಾವಳಿ’ ಆ ಶ್ರಮವನ್ನೇ ತಪ್ಪಿಸಿತು: ವಿದೇಶದಲ್ಲಿ ವಾಸವಾಗಿರುವ ಪ್ರತಿ ಯಹೂದಿಯೂ ತಾನಾಗಿಯೇ ಪೌರತ್ವ ಕಳೆದುಕೊಳ್ಳುತ್ತಾನೆ, ಅವನ ಆಸ್ತಿ ಸರ್ಕಾರಕ್ಕೆ ಸೇರುತ್ತದೆ.

ಈ ನಿಯಮಾವಳಿಯನ್ನು ಓದುವಾಗ ಒಂದು ತಿಂಗಳು ಹಿಂದಕ್ಕೆ ಹೋಗಬೇಕು. ಬರ್ಲಿನ್ನಿನಿಂದ ಪೂರ್ವಕ್ಕೆ ಯಹೂದಿಗಳನ್ನು ತುಂಬಿದ ರೈಲುಗಳು ಆ ಅಕ್ಟೋಬರಿನಲ್ಲೇ ಹೊರಟಿದ್ದವು. ರೀಗಾ, ಮಿನ್ಸ್ಕ್ ಊರುಗಳಿಗೆ ಬಲವಂತವಾಗಿ ಒಯ್ದವರೂ ‘ವಿದೇಶದಲ್ಲಿ ವಾಸ’ವಿರುವವರೇ. ರೈಲು ಗಡಿ ದಾಟಿದ ಕ್ಷಣ ಒಳಗಿದ್ದವರು ಪ್ರಜೆಗಳಲ್ಲ. ಅವರು ಬಿಟ್ಟುಬಂದ ಮಂಚ, ಕುರ್ಚಿ, ಪಾತ್ರೆ, ಬ್ಯಾಂಕ್ ಖಾತೆ ಎಲ್ಲ ಸರ್ಕಾರದ್ದು. ಇಲ್ಲೊಂದು ತಾಂತ್ರಿಕ ತೊಡಕೂ ಇತ್ತು. ಲೋಡ್ಜ್ ಮತ್ತು ಆಶ್ವಿಟ್ಸ್ ಜರ್ಮನಿ ತನ್ನೊಳಗೆ ಸೇರಿಸಿಕೊಂಡಿದ್ದ ಪ್ರದೇಶದಲ್ಲಿದ್ದವು, ಅಂದರೆ ಅವು ವಿದೇಶವಾಗಲಿಲ್ಲ. ಹಾಗಾಗಿ ಅಲ್ಲಿಗೆ ಹೋದವರ ಆಸ್ತಿಯನ್ನು ‘ಜನ ಮತ್ತು ರಾಜ್ಯದ ಶತ್ರುಗಳ’ ಆಸ್ತಿ ಎಂಬ ಹಳೆಯ ಕಾಯ್ದೆಯಡಿ ಪ್ರತ್ಯೇಕ ನೋಟಿಸು ಕೊಟ್ಟು ಮುಟ್ಟುಗೋಲು ಹಾಕಿಕೊಳ್ಳಬೇಕಾಯಿತು. ಕೊಲ್ಲಲು ಕಳಿಸುತ್ತಿದ್ದವರ ಮಂಚವನ್ನು ತೆಗೆದುಕೊಳ್ಳಲು ಯಾವ ಕಲಂ ಅನ್ವಯಿಸುತ್ತದೆ ಎಂದು ಗುಮಾಸ್ತರು ತಲೆ ಕೆಡಿಸಿಕೊಂಡರು.

ಹೊರಡುವ ಮೊದಲು ಪ್ರತಿಯೊಬ್ಬರೂ 16 ಪುಟದ ಆಸ್ತಿ ಘೋಷಣೆಯನ್ನು ತುಂಬಬೇಕಿತ್ತು. ಷೇರು, ಜೀವವಿಮೆಗಳಿಂದ ಹಿಡಿದು ಚಮಚ, ಪರದೆ, ಒಳ ಉಡುಪುಗಳವರೆಗೆ ಕಾಲಮುಗಳಿದ್ದವು. ಬರ್ಲಿನ್ ಪ್ರದೇಶದ ಹಣಕಾಸು ಕಚೇರಿಯ ಇಂಥ ಹತ್ತಾರು ಸಾವಿರ ಕಡತಗಳು ಈಗ ಪಾಟ್ಸ್‌ಡ್ಯಾಮಿನ ಪತ್ರಾಗಾರದಲ್ಲಿವೆ. ಕಡತ ಮನುಷ್ಯನೊಂದಿಗೆ ಮುಗಿಯುವುದಿಲ್ಲ. ಮನೆಯ ಮಾಲೀಕ ಬಾಕಿ ಬಾಡಿಗೆ ಕೇಳುತ್ತಾನೆ, ವಿದ್ಯುತ್ ಕಂಪನಿ ಕೊನೆಯ ತಿಂಗಳ ಬಿಲ್ಲು ಕಳಿಸುತ್ತದೆ, ಹರಾಜುದಾರ ಪೀಠೋಪಕರಣಗಳ ಲೆಕ್ಕ ಒಪ್ಪಿಸುತ್ತಾನೆ, ಕಚೇರಿ ಅವಕ್ಕೆಲ್ಲ ಕ್ರಮಬದ್ಧವಾಗಿ ಉತ್ತರಿಸುತ್ತದೆ. ಹರಾಜಿನಲ್ಲಿ ಕೊಂಡವರು ಬಹುಪಾಲು ಅಕ್ಕಪಕ್ಕದವರೇ. ಜರ್ಮನಿಯ ಯಹೂದಿಗಳಲ್ಲಿ ಕೊಲೆಯಾದವರ ಸಂಖ್ಯೆ ಸುಮಾರು 1,65,000.

1945ರ ಸೆಪ್ಟೆಂಬರ್ 20ರಂದು ಮಿತ್ರರಾಷ್ಟ್ರಗಳ ನಿಯಂತ್ರಣ ಮಂಡಳಿ ತನ್ನ ಮೊದಲ ಕಾಯ್ದೆಯಿಂದಲೇ ನ್ಯೂರೆಂಬರ್ಗ್ ಕಾಯ್ದೆಗಳನ್ನು ರದ್ದುಮಾಡಿತು. ಕಾಯ್ದೆ ಹೋಯಿತು, ಕಚೇರಿಗಳು ಉಳಿದವು. ಕಾಯ್ದೆಗೆ ಭಾಷ್ಯ ಬರೆದಿದ್ದ ಗ್ಲೋಬ್ಕೆ 1953ರಿಂದ 1963ರವರೆಗೆ ಚಾನ್ಸೆಲರ್ ಅಡೆನೌವರ್ ಅವರ ಕಾರ್ಯಾಲಯದ ಮುಖ್ಯಸ್ಥರಾಗಿದ್ದರು. 1949ರ ಸಂವಿಧಾನ, ರಾಜಕೀಯ, ಜನಾಂಗೀಯ ಅಥವಾ ಧಾರ್ಮಿಕ ಕಾರಣಕ್ಕೆ ಪೌರತ್ವ ಕಳೆದುಕೊಂಡವರಿಗೂ ಅವರ ಸಂತತಿಗೂ ಅದನ್ನು ಮರಳಿ ಪಡೆಯುವ ಹಕ್ಕು ಕೊಟ್ಟಿತು. ಹನ್ನೊಂದನೇ ನಿಯಮಾವಳಿ ನ್ಯಾಯದ ಮೂಲ ತತ್ವಗಳಿಗೇ ಎಷ್ಟು ವಿರುದ್ಧವಾಗಿತ್ತೆಂದರೆ ಅದು ಹುಟ್ಟಿನಿಂದಲೇ ಅಸಿಂಧು ಎಂದು ಸಾಂವಿಧಾನಿಕ ನ್ಯಾಯಾಲಯ 1968ರ ಫೆಬ್ರುವರಿ 14ರಂದು ತೀರ್ಪು ಕೊಟ್ಟಿತು. ಮಾತು ದೊಡ್ಡದು; ಆದರೆ ಅರ್ಜಿ ಪರಿಶೀಲಿಸುವ ಗುಮಾಸ್ತನ ಮುಂದೆ ಇದ್ದದ್ದು ‘ಕಳೆದುಕೊಂಡವರು’ ಎಂಬ ಒಂದು ಪದ. 1938ರಲ್ಲಿ ಓಡಿಹೋಗಿ, 1940ರಲ್ಲೇ ಬೇರೆ ದೇಶದ ಪೌರತ್ವ ಪಡೆದವನಿಂದ ಜರ್ಮನಿ ಏನನ್ನೂ ಕಿತ್ತುಕೊಂಡಿಲ್ಲ, ಅವನೇ ಬಿಟ್ಟುಕೊಟ್ಟ ಎಂದು ಲೆಕ್ಕ. ಆಶ್ರಯ ಸಿಕ್ಕ ದೇಶದಲ್ಲಿ ವಿದೇಶಿಯನ್ನು ಮದುವೆಯಾದ ಹೆಣ್ಣು ಅಂದಿನ ನಿಯಮದಂತೆ ಮದುವೆಯಿಂದ ಪೌರತ್ವ ಕಳೆದುಕೊಂಡಳೇ ಹೊರತು ನಾಜಿಗಳಿಂದಲ್ಲ, ಆದ್ದರಿಂದ ಆಕೆಯ ಮಕ್ಕಳಿಗೆ ಹಕ್ಕಿಲ್ಲ. ಮದುವೆಯಾಗದ ತಂದೆಯ ಮಗುವಿಗೂ ಇಲ್ಲ. ಈ ಕೊನೆಯ ತರ್ಕವನ್ನು ಸಾಂವಿಧಾನಿಕ ನ್ಯಾಯಾಲಯ ತಳ್ಳಿಹಾಕಿದ್ದು 2020ರ ಮೇ ತಿಂಗಳಲ್ಲಿ. ಉಳಿದವರನ್ನು ಒಳಗೊಂಡದ್ದು 2021ರ ತಿದ್ದುಪಡಿ. ಯಾರೂ ಕೆಟ್ಟ ಉದ್ದೇಶದಿಂದ ಈ ಅರ್ಜಿಗಳನ್ನು ತಿರಸ್ಕರಿಸಿರಲಾರರು. ಆ ಗುಮಾಸ್ತರೂ ತಮ್ಮ ಮುಂದಿದ್ದ ನಿಯಮವನ್ನು ಅಕ್ಷರಶಃ ಪಾಲಿಸಿದರು, ಅಷ್ಟೇ.

ಈಗ ಅರ್ಜಿ ಹಾಕುವ ಮೊಮ್ಮಕ್ಕಳು ಪುರಾವೆಯಾಗಿ ಲಗತ್ತಿಸುವುದು ಅವೇ ಹಳೆಯ ಕಾಗದಗಳನ್ನು: ಕೆಂಪು ‘ಜೆ’ ಬಿದ್ದ ಪಾಸ್‌ಪೋರ್ಟ್, ಗೆಜೆಟ್ಟಿನ ಪಟ್ಟಿಯಲ್ಲಿ ಅಜ್ಜನ ಹೆಸರಿರುವ ಪುಟ, ನೋಂದಣಿ ಕಚೇರಿಯಿಂದ ತರಿಸಿದ ಅಜ್ಜಿಯ ಜನನ ದಾಖಲೆಯ ನಕಲು. ಆ ನಕಲಿನ ಅಂಚಿನಲ್ಲಿ ಹಲವೊಮ್ಮೆ ಎರಡು ಷರಾಗಳಿರುತ್ತವೆ. ಮೊದಲನೆಯದು, ಈಕೆ ಇನ್ನು ಮೇಲೆ ‘ಸಾರಾ’ ಎಂಬ ಹೆಸರನ್ನೂ ಹೊಂದಿರುತ್ತಾಳೆ ಎಂದು 1938ರ ಕೊನೆಯಲ್ಲೋ 1939ರಲ್ಲೋ ಬರೆದದ್ದು. ಅದರ ಕೆಳಗೆ, ಯುದ್ಧ ಮುಗಿದ ಮೇಲೆ ಬರೆದ ಇನ್ನೊಂದು: ಮೇಲಿನ ಷರಾ ಅಸಿಂಧು.